ಸೆವರಿನ್ನರ ಬಂಗುಡೆ ಪರೀಕ್ಷೆ

ಕಾಟಿಪಳ್ಳದ ಸೆವರಿನ್ ತಾವ್ರೊ ತಂದ ಬಂಗುಡೆ ಮೀನಿನ ಚೀಲವನ್ನು ಹೆಂಡತಿ ರೊಸಾಲಿನ್ ಬಿಚ್ಚಿದಾಗೆಲ್ಲ ಅಡುಗೆಮನೆ ಪೆಟ್ರೋಲ್ ಬಂಕಿನಂತೆ ನಾರುತ್ತಿತ್ತು. ಸಾಲದ್ದಕ್ಕೆ ಉಂಡ ಮೇಲೆ ಸೆವರಿನ್ನರಿಗೆ ಹೊಟ್ಟೆ ತೊಳಸುತ್ತಿತ್ತು.

"ಹಡಗಿನ ಎಣ್ಣೆ! ಸಮುದ್ರವೇ ಹಾಳಾಗಿದೆ. ಆ ಮೀನಿನ ಸುಂದರಿ ಅದನ್ನೇ ಮಾರ್ತಾಳೆ," ಎಂದು ಇಗರ್ಜಿಯ ಅಂಗಳದಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಒಂದೇ ವಾರದಲ್ಲಿ ಸುಂದರಿಯ ಬುಟ್ಟಿಯ ಸುತ್ತ ಬೆಕ್ಕುಗಳು ಮಾತ್ರ ಉಳಿದವು. ಅವಳು ಮನೆ ಬಾಗಿಲಿಗೇ ಬಂದು ನಿಂತಳು.

"ಬಾಯಮ್ಮ, ನನ್ನ ಮೀನಿಗೆ ಎಂತ ಆಗಿದೆ? ನಾನೂ ಅದನ್ನೇ ತಿನ್ನುವುದಲ್ವಾ?"

ರೊಸಾಲಿನ್‌ಗೆ ನಾಚಿಕೆಯಾಯಿತು. ಕದ್ರಿಯ ಹತ್ತಿರದ ಪ್ರಯೋಗಾಲಯದಲ್ಲಿ ಕೆಮಿಸ್ಟ್ ಆಗಿದ್ದ ತಂಗಿಯ ಮಗಳು ರೇಚಲ್‌ಗೆ ಫೋನ್ ಮಾಡಿದರು. ಸೆವರಿನ್ ಉತ್ಸಾಹದಿಂದ ಒಂದು ಹಸಿ ಬಂಗುಡೆಯನ್ನೂ, ಸಾಕ್ಷಿ ಗಟ್ಟಿಯಾಗಲೆಂದು ಹಿಂದಿನ ದಿನದ ಮೀನುಸಾರನ್ನೂ ಒಯ್ದು ಕೊಟ್ಟರು. ರೇಚಲ್ ತಾನೂ ಸುಂದರಿಯ ಬುಟ್ಟಿಯಿಂದ ಒಂದು ಮೀನು ಕೊಂಡು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಒಯ್ದಳು.

ಭಾನುವಾರ ಅವಳೇ ಫಲಿತಾಂಶ ಹೇಳಲು ಬಂದಳು.

"ಅಂಕಲ್, ನೀವು ತಂದ ಮೀನಿನಲ್ಲಿ ಇಂಧನ ಉಂಟು."

"ಕೇಳಿತಾ!" ಸೆವರಿನ್ ಎದ್ದೇ ನಿಂತರು.

"ಚರ್ಮದ ಮೇಲೆ ಮಾತ್ರ. ಮಾಂಸದಲ್ಲಿ ಇಲ್ಲ. ನಾನು ತಂದದ್ದರಲ್ಲಿ ಎಲ್ಲಿಯೂ ಇಲ್ಲ. ಅದು ಹಡಗಿನ ಎಣ್ಣೆಯೂ ಅಲ್ಲ, ಪೆಟ್ರೋಲ್, ಸ್ವಲ್ಪ ಎಂಜಿನ್ ಆಯಿಲ್. ಮೀನನ್ನು ಎಲ್ಲಿಟ್ಟು ತರ್ತೀರಿ?"

"ಸ್ಕೂಟರಿನ ಡಿಕ್ಕಿಯಲ್ಲಿ," ಎಂದರು, ದನಿ ಇಳಿಯಿತು.

ರೊಸಾಲಿನ್ ಹೋಗಿ ಡಿಕ್ಕಿ ತೆರೆದರು. ಆಪತ್ಕಾಲಕ್ಕೆಂದು ಆಯಿಲ್ ಬೆರೆಸಿ ಇಟ್ಟ ಪೆಟ್ರೋಲ್ ಬಾಟಲಿ ಅಲ್ಲಿ ಅಡ್ಡಬಿದ್ದಿತ್ತು. ಮುಚ್ಚಳದ ಬದಲು ಮಡಚಿದ ಕಾಗದ.

"ಸಮುದ್ರ ನಿಮ್ಮ ಡಿಕ್ಕಿಯಲ್ಲಿ ಉಂಟು ಮಾರಾಯ್ರೆ!" ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕರು.

"ಆಂಟಿ, ತಾಳಿ," ಎಂದಳು ರೇಚಲ್. "ಲೋಹವನ್ನೂ ನೋಡಿದೆವು. ಪಾದರಸ, ಸೀಸ ಎಲ್ಲ ಮಿತಿಯೊಳಗೇ. ಆದರೆ ಸಾರಿನಲ್ಲಿ ತಾಮ್ರ ವಿಪರೀತ. ಹಸಿ ಮೀನಿನಲ್ಲಿ ಅಷ್ಟಿಲ್ಲ. ಯಾವ ಪಾತ್ರೆಯಲ್ಲಿ ಮಾಡಿದ್ದು?"

ರೊಸಾಲಿನ್‌ರ ನಗು ನಿಂತಿತು. ತವರಿನಿಂದ ಬಂದ ತಾಮ್ರದ ಪಾತ್ರೆ. ಒಳಗಿನ ಕಲಾಯಿ ಎಂದೋ ಸವೆದುಹೋಗಿತ್ತು. ಅದರಲ್ಲೇ ಸಾರಿನ ಹುಣಸೆಹುಳಿ ಕುದಿದು ತಾಮ್ರವನ್ನು ಕರಗಿಸುತ್ತಿತ್ತು.

"ನನ್ನ ಹೊಟ್ಟೆ ಕೆಟ್ಟದ್ದು ಅದಕ್ಕೇ!" ಎಂದು ಕೂಗಿದ ಸೆವರಿನ್, ಕೆಮ್ಮು ಬರುವವರೆಗೆ ನಕ್ಕರು.

ಮರುದಿನ ಗಂಡಹೆಂಡಿರು ಸುಂದರಿಯ ಮುಂದೆ ನಿಂತರು. ಸೆವರಿನ್ ತಗ್ಗಿದ ದನಿಯಲ್ಲಿ, "ತಪ್ಪಾಯ್ತು," ಎಂದರು.

"ಜೋರಾಗಿ ಹೇಳಿ ಪೊರ್ಬುಗಳೇ. ಅವತ್ತು ಇಡೀ ಊರಿಗೆ ಕೇಳಿಸಿತ್ತು."

ಸೆವರಿನ್ ಗಂಟಲು ಸರಿಮಾಡಿಕೊಂಡು, ಡಿಕ್ಕಿಯ ಕಥೆಯನ್ನು ದಾರಿಹೋಕರಿಗೂ ಕೇಳುವಂತೆ ಹೇಳಿದರು. ತಾನೊಬ್ಬನೇ ಯಾಕೆಂದು ತಾಮ್ರದ ಪಾತ್ರೆಯನ್ನೂ ಸೇರಿಸಿದರು. ರೊಸಾಲಿನ್ ಗಂಡನ ಮೊಣಕೈ ಚಿವುಟಿದರು. ಹೆಂಗಸರು ಮುತ್ತಿಕೊಂಡರು.

"ಕಲಾಯಿ ಹೋದದ್ದಾ? ನಮ್ಮಲ್ಲಿಯೂ ಒಂದು ಉಂಟು!"

"ಪಾತ್ರೆ ಆಮೇಲೆ ನೋಡುವ," ಎಂದು ಸುಂದರಿ ಗದರಿದಳು. "ಮೊದಲು ಮೀನು ತೆಗೊಳ್ಳಿ!"

ಅವರು ತೆಗೆದುಕೊಂಡರು. ಸೆವರಿನ್ನರ ಸರದಿ ಬರುವಷ್ಟರಲ್ಲಿ ಬುಟ್ಟಿ ಖಾಲಿಯಾಗಿತ್ತು. ಅಂದು ಮಧ್ಯಾಹ್ನ ಮನೆಯಲ್ಲಿ ಸೌತೆಕಾಯಿ ಸಾಂಬಾರು. ಸೆವರಿನ್ ಎರಡು ಬಾರಿ ಬಡಿಸಿಕೊಂಡರು.