ಮುಗಿಯುವ ತನಕ

ಬಿಳಿಚೋಡಿನ ದುರುಗಕ್ಕ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಎರಡು ಸಲ ಡುಮ್ಕಿ ಹೊಡೆದಿದ್ದಳು. ಪಾಸಾದರೆ ನರ್ಸ್ ತರಬೇತಿ, ಇಲ್ಲವಾದರೆ ಅತ್ತೆ ಗಾದ್ರಮ್ಮನ ಕುರಿ ಕಾಯುವುದು. ಎಂಬತ್ತೆರಡನೇ ಇಸವಿಯ ಆ ಪರೀಕ್ಷೆಯೇ ಕೊನೆಯದು ಎಂದು ಅತ್ತೆ ಖಡಾಖಂಡಿತ ಹೇಳಿಬಿಟ್ಟಿದ್ದಳು. ಅದಕ್ಕೇ ದಿನಾ ಬಸ್ಸು ಹತ್ತಿ ಜಗಳೂರಿನ ಟ್ಯುಟೋರಿಯಲ್ಲಿಗೆ ಬರುತ್ತಿದ್ದಳು.

ಅಲ್ಲಿನ ಕಲ್ಲೇಶಪ್ಪ ಮೇಷ್ಟ್ರದು ಒಂದೇ ಪದ್ಧತಿ. ಸಾಲಿನ ಕೆಳಗೆ ಬೆರಳಿಟ್ಟು ಒಂದೊಂದು ಪದಕ್ಕೂ ಆಗಿಂದಾಗಲೇ ಕನ್ನಡ ಹೇಳಬೇಕು, ಬೆರಳು ಹಿಂದಕ್ಕೆ ಬರಕೂಡದು. ಬಂದರೆ ಮೇಜಿನ ಮೇಲೆ ಡಸ್ಟರ್ ಬೀಳುತ್ತಿತ್ತು. ಇಡೀ ಕ್ಲಾಸು ಭಜನೆಯ ಹಾಗೆ ಒದರುತ್ತಿತ್ತು, ತಲೆಗೆ ಹೋಗುತ್ತಿದ್ದದ್ದು ಅಷ್ಟಕ್ಕಷ್ಟೇ. ಹಿಂದಿನ ಎರಡು ಸಲವೂ ದುರುಗಕ್ಕ ಹಾಗೇ ಒದರಿ ಕೆಟ್ಟಿದ್ದಳು.

ಒಂದು ದಿನ ಅವಳ ಸರದಿ ಬಂತು. ‘ದಿ ಮ್ಯಾನ್ ಚೇಸ್ಡ್’ ಎನ್ನುವಷ್ಟರಲ್ಲಿ ಮೇಷ್ಟ್ರು ಅರ್ಥ ಕೇಳಿದರು. ಮನುಷ್ಯ ಅಟ್ಟಿಸಿಕೊಂಡು ಹೋದ ಎಂಬುದು ನಾಲಿಗೆಯ ತುದಿಗೇ ಬಂದಿತ್ತು, ನುಂಗಿಕೊಂಡಳು. ಮುಂದೆ ನೋಡಿದರೆ ‘ಬೈ ದಿ ಬುಲ್’ ಎಂದಿತ್ತು, ಕಡೆಗೆ ‘ಫೆಲ್’. ಬೆರಳನ್ನು ಸಾಲಿನ ಮೊದಲಿಗೆ ತಂದಳು. ಅಟ್ಟಿದ್ದು ಹೋರಿ, ಬಿದ್ದವನು ಮನುಷ್ಯ. ಅಯ್ಯೋ, ಪರೀಕ್ಷೆಯಲ್ಲಿ ಇಂಥವನ್ನೇ ಅಲ್ಲವೇ ಅರ್ಧಕ್ಕೇ ತೀರ್ಮಾನಿಸಿ ಹಾಳುಮಾಡಿಕೊಂಡದ್ದು ಎಂದುಕೊಂಡಳು.

ಡಸ್ಟರ್ ಬಿತ್ತು. ತಪ್ಪಾಯಿತು ಅನ್ನು, ಇಲ್ಲ ಹೊರಗೆ ನಡಿ ಎಂದರು ಮೇಷ್ಟ್ರು.

“ತಪ್ಪು ಮಾಡಿಲ್ಲ ಸಾರ್. ವಾಕ್ಯ ಮುಗಿಯೋತನಕ ನಾನು ಅರ್ಥ ಹೇಳಾಕಿಲ್ಲ” ಎಂದಳು.

ಮೇಷ್ಟ್ರ ಮುಖ ಕೆಂಪಾಯಿತು. ಇದೇ ಹಟ ಇದ್ದರೆ ಮತ್ತೆ ಈ ಬಾಗಿಲು ತುಳಿಯಬೇಡ ಎಂದುಬಿಟ್ಟರು. ತಪ್ಪಾಯಿತು ಎಂದು ಒಂದು ಮಾತು ಅಂದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಅನ್ನಬೇಕಲ್ಲ ಮಹರಾಯ್ತಿ! ಪುಸ್ತಕ ಎತ್ತಿಕೊಂಡು ನಡೆದೇಬಿಟ್ಟಳು.

ಬಸ್ಸಿನಲ್ಲಿ ಕುಳಿತ ಮೇಲೆ ಭಯವೂ ಆಯಿತು. ಹೇಳಿಕೊಡುವವರಿಲ್ಲ, ಪರೀಕ್ಷೆ ಹತ್ತಿರ ಬಂದಿದೆ, ಮನೆಯಲ್ಲಿ ಅತ್ತೆ. ಆದರೂ ಮುಂದಿನ ಪಾಠ ತೆಗೆದು ತನಗೆ ಬೇಕಾದಷ್ಟು ಸಲ ಹಿಂದೆ ಹೋಗಿ ಹೋಗಿ ಓದಿದಳು. ಊರು ಬರುವಷ್ಟರಲ್ಲಿ ಒಂದು ಪುಟ ಪೂರ್ತಿ ತಿಳಿದಿತ್ತು.

ಗಾದ್ರಮ್ಮ ಅಂಗಳದಲ್ಲಿ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಹೊತ್ತಿಗೆ ಮುಂಚೆ ಬಂದ ಸೊಸೆಯನ್ನು ಕಂಡು ಏನಾಯಿತೆಂದು ಕೇಳಿದಳು.

“ಕ್ಲಾಸು ಬಿಟ್ಟೆ ಅತ್ತೆ...”

ಅಷ್ಟು ಕೇಳಿದ್ದೇ ತಡ, ಗಾದ್ರಮ್ಮ ಕುರಿ ಕಾಯುವ ಕೋಲನ್ನು ತೆಗೆದು ಅವಳತ್ತ ಚಾಚಿದಳು. ದುರುಗಕ್ಕ ಕೈ ನೀಡಲಿಲ್ಲ.

“ನನ್ನ ಮಾತು ಇನ್ನೂ ಮುಗಿದಿಲ್ಲ. ಕ್ಲಾಸು ಬಿಟ್ಟೀನಿ, ಪರೀಕ್ಷೆ ಬಿಡಾಕಿಲ್ಲ.”