ಆವಿ ಕಳೆದು ಉಳಿದ ಗುಡ್ಡ

ನಮ್ಮ ಕಚೇರಿಯಲ್ಲಿ ನನ್ನ ಕೆಲಸ ಕಳೆಯುವುದು. ಸಮಯವನ್ನಲ್ಲ, ಅದನ್ನು ಉಳಿದವರು ನೋಡಿಕೊಳ್ಳುತ್ತಾರೆ. ನಾನು ಕಳೆಯುವುದು ನೀರಾವಿಯನ್ನು. ಉಪಗ್ರಹದ ರೇಡಾರ್ ಮೇಲಿನಿಂದ ಅಲೆ ಬಿಟ್ಟು, ಅದು ನೆಲಕ್ಕೆ ತಾಗಿ ಮರಳುವ ಹೊತ್ತನ್ನು ಅಳೆಯುತ್ತದೆ. ಗಾಳಿಯಲ್ಲಿ ಆವಿ ಹೆಚ್ಚಿದ್ದರೆ ಅಲೆ ತುಸು ತಡವಾಗಿ ಬರುತ್ತದೆ. ತಡವಾದರೆ ನೆಲ ದೂರ ಸರಿದಿದೆ, ಅಂದರೆ ಕುಸಿದಿದೆ ಎಂದು ಯಂತ್ರ ನಂಬುತ್ತದೆ. ಹಿಂದೊಮ್ಮೆ ನಾವೂ ನಂಬಿ ಇಡೀ ಬಡಾವಣೆಯನ್ನು ಖಾಲಿ ಮಾಡಿಸಿದ್ದೆವು. ನೆಲ ಕುಸಿದಿರಲಿಲ್ಲ, ಬರೀ ಮೋಡ ಕವಿದಿತ್ತು. ಪತ್ರಿಕೆಗಳಲ್ಲಿ ವಾರವಿಡೀ ನಗೆಪಾಟಲಾದೆವು.

ಅಂದಿನಿಂದ ನಮ್ಮ ಮುಖ್ಯಸ್ಥರಿಗೆ ಆವಿ ಕಂಡರೆ ಆಗದು. ಅವರ ಸಮಾಧಾನಕ್ಕೆ ನಾನೊಂದು ಮಾದರಿ ಕಟ್ಟಿಕೊಟ್ಟೆ. ಗುಡ್ಡದ ಬುಡದ ಮೇಲೆ ಆವಿ ಹೆಚ್ಚು, ತುದಿಯ ಮೇಲೆ ಕಡಿಮೆ. ಆವಿ ಏರಿದ ದಿನ ಬುಡ ಇಳಿದಂತೆ, ಆರಿದ ದಿನ ತುದಿ ಇಳಿದಂತೆ ಕಾಣುತ್ತದೆ. ಆದ್ದರಿಂದ ಎತ್ತರದ ಜೊತೆಜೊತೆಗೆ ಬದಲಾಗುವುದೆಲ್ಲ ಆವಿಯದೇ ಕಿತಾಪತಿ, ಕಳೆದುಬಿಡು. ಎರಡೇ ಸಾಲಿನ ಸೂತ್ರ. ಚಿತ್ರಗಳು ಇಸ್ತ್ರಿ ಹಾಕಿದ ಹಾಗೆ ಬಂದವು. ಆಮೇಲೆ ಯಾವ ಗುಡ್ಡಕ್ಕೂ ಅಲುಗಾಡುವ ಧೈರ್ಯ ಬರಲಿಲ್ಲ. ನನಗೆ ಬಡ್ತಿ ಸಿಕ್ಕಿತು, ಮನೆಯವರಿಂದ ‘ಆವಿ ಸಾಹೇಬ’ ಎಂಬ ಬಿರುದೂ ಸಿಕ್ಕಿತು.

ಬಿರುದು ಕೊಟ್ಟವಳು ಅಕ್ಕ. ಅವಳ ಮನೆ ಇರುವುದು ಊರ ಅಂಚಿನ ಗುಡ್ಡದ ಮೇಲ್ಭಾಗದಲ್ಲಿ. ಆ ಗುಡ್ಡ ಗಟ್ಟಿಯಾಗಿದೆ ಎನ್ನುವ ವರದಿಗೆ ಸೋಮವಾರ ನಾನು ಸಹಿ ಹಾಕಬೇಕಿತ್ತು. ಸಹಿ ಬಿದ್ದರೆ ಅಲ್ಲಿನ ಮೂವತ್ತು ಮನೆಗಳವರು ನಿಶ್ಚಿಂತೆಯಿಂದ ಅಲ್ಲೇ ಇರುತ್ತಾರೆ. ಮೂಲ ಚಿತ್ರದಲ್ಲಿ ಬುಡಕ್ಕಿಂತ ತುದಿ ನಾಲ್ಕು ಸೆಂಟಿಮೀಟರ್ ಇಳಿದಂತಿತ್ತು. ಮಾದರಿ ಓಡಿಸಿದೆ. ಸೊನ್ನೆ ಬಂತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಎರಡು ವಾರದ ಹಿಂದೆ ಅಕ್ಕ ಫೋನ್ ಮಾಡಿ, ಮುಂಬಾಗಿಲು ಹಾಕಲು ಬರುತ್ತಿಲ್ಲ ಎಂದಿದ್ದಳು. ತೇವಕ್ಕೆ ಮರ ಉಬ್ಬಿರುತ್ತದೆ, ಬಡಗಿಯನ್ನು ಕರೆಸು ಎಂದಿದ್ದೆ. ಆವಿಯ ಮೇಲೆ ಗೂಬೆ ಕೂರಿಸಿ ನಾನು ಯಾವತ್ತೂ ಸೋತವನಲ್ಲ.

ಭಾನುವಾರ ಊಟಕ್ಕೆ ಹೋದಾಗ ಬಡಗಿ ಮೂರನೆಯ ಸಲ ಬಾಗಿಲಿನ ಅಂಚು ಹೆರೆಯುತ್ತಿದ್ದ. ಮರ ಮತ್ತು ತೇವಾಂಶದ ಬಗ್ಗೆ ಅವನಿಗೆ ಹತ್ತು ನಿಮಿಷ ಪಾಠ ಮಾಡಿದೆ. ಪಾಪ, ಪೂರ್ತಿ ಕೇಳಿಸಿಕೊಂಡ. ಆಮೇಲೆ ದಾರಕ್ಕೆ ಕಟ್ಟಿದ ಗುಂಡನ್ನು ಚೌಕಟ್ಟಿನ ಮೇಲಿಂದ ಇಳಿಬಿಟ್ಟ. ಹೊಸ್ತಿಲ ಹತ್ತಿರ ಗುಂಡಿಗೂ ಚೌಕಟ್ಟಿಗೂ ಎರಡು ಬೆರಳಿನ ಅಂತರವಿತ್ತು.

“ಬಾಗಿಲು ಉಬ್ಬಿಲ್ಲ ಸಾರ್, ಮನೆ ವಾಲಿದೆ. ಹೆರೀತಾ ಹೋದ್ರೆ ಬಾಗಿಲು ಮುಗಿಯುತ್ತೆ, ವಾಲೋದು ನಿಲ್ಲಲ್ಲ. ಈ ಸಾಲಲ್ಲಿ ನಾನು ಹೆರೀತಿರೋದು ಇದು ಐದನೇ ಬಾಗಿಲು.”

ನನಗೆ ಭಯವಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಈ ಗುಡ್ಡ ಜಾರಿದರೂ ತುದಿ ಹೆಚ್ಚು, ಬುಡ ಕಡಿಮೆ ಜಾರುತ್ತದೆ. ಅದೂ ಎತ್ತರದ ಜೊತೆಗೇ ಬದಲಾಗುತ್ತದೆ. ನನ್ನ ಸೂತ್ರ ಆವಿಯ ಜೊತೆ ಅಕ್ಕನ ಮನೆಯನ್ನೂ ಕಳೆದುಹಾಕಿತ್ತು.

ಸೋಮವಾರ ಆ ಸೂತ್ರವನ್ನು ಬದಿಗಿಟ್ಟೆ. ಗುಡ್ಡದ ಮೇಲಿನ ಜಿಪಿಎಸ್ ಕಂಬಕ್ಕೆ ಉಪಗ್ರಹಗಳ ಸಂಕೇತ ಎಷ್ಟು ತಡವಾಗಿ ಬಂದಿತ್ತೆಂದು ನೋಡಿ, ಆಯಾ ದಿನದ ಆವಿಯನ್ನು ನಿಜಕ್ಕೂ ಅಳೆದು ಅಷ್ಟನ್ನೇ ಕಳೆದೆ. ಮೂರೂವರೆ ಸೆಂಟಿಮೀಟರ್ ಉಳಿಯಿತು. ಮತ್ತೆ ಪತ್ರಿಕೆಯಲ್ಲಿ ಬರುವ ಆಸೆಯೇ ಎಂದು ಮುಖ್ಯಸ್ಥರು ಕೇಳಿದರು. ನೆಲದ ಮೇಲೆ ಇದನ್ನು ಪರೀಕ್ಷಿಸಿದ ತಜ್ಞರು ಯಾರು ಎಂದೂ ಕೇಳಿದರು. ಬಡಗಿ ಎಂದೆ. ಗುಡ್ಡ ಜಾರುತ್ತಿದೆ ಎಂದು ಬರೆದು ಸಹಿ ಹಾಕಿ ಎದ್ದು ಬಂದೆ.

ಸಂಜೆ ಗುಡ್ಡದ ಮನೆಗಳ ಗಂಟುಮೂಟೆಗಳೆಲ್ಲ ಲಾರಿ ಏರಿದವು. ಅಕ್ಕ ಮಾತ್ರ ಬೀಗ ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು.

“ಬಾಗಿಲು ಹಾಕೋಕೇ ಬರಲ್ವಲ್ಲೋ. ಇಪ್ಪತ್ತು ವರ್ಷ ಇದ್ದ ಮನೇನ ಹೀಗೆ ತೆರೆದಿಟ್ಟು ಹೇಗೆ ಬರ್ಲಿ?”

ತಪ್ಪನ್ನು ಆವಿಯ ಮೇಲೆ ಹಾಕೋಣವೆಂದರೆ ಅಂದು ಗಾಳಿ ಪೂರ್ತಿ ಒಣಗಿತ್ತು.