ಹತ್ತಕ್ಕೆ ನಿಂತ ಕರೆಂಟು

ಗುಡೇಕೋಟೆಯ ಕರಿಯಕ್ಕನಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಇತ್ತು. ಬೇಗನೇ ಗೊತ್ತಾಗಿತ್ತು. “ಇಪ್ಪತ್ತೈದು ದಿನ ಕಿರಣ ಚಿಕಿತ್ಸೆ ಕೊಡೋಣ, ಗುಣವಾಗುವ ಭರವಸೆ ಇದೆ” ಎಂದಿದ್ದರು ವೈದ್ಯರು. ಅದನ್ನೇ ನಮ್ಮ ಜನ ಕರೆಂಟು ಕೊಡೋದು ಅನ್ನುತ್ತಾರೆ.

ಹತ್ತು ಕರೆಂಟು ಮುಗಿಸಿ ಶನಿವಾರ ಊರಿಗೆ ಬಂದ ಕರಿಯಕ್ಕ ಮೊಮ್ಮಗಳನ್ನು ಎತ್ತಿಕೊಳ್ಳಲು ಕೈಚಾಚಿದಳು. ಗಂಡ ಮಾರಣ್ಣ ಮಗುವನ್ನು ಹಿಂದಕ್ಕೆ ಎಳೆದುಕೊಂಡ.

“ಮುಟ್ಟಬ್ಯಾಡ. ಆ ಕರೆಂಟಿನ ಮಷೀನಿನಾಗ ಅದೇನೋ ವಿಷದ ಲೋಹ ಇರ್ತೈತಂತ. ನಿನ್ನ ಮೈಯಾಗ ಕುಂತೈತಿ, ಕೂಸಿಗೆ ತಗಲ್ತೈತಿ.”

ಸುದ್ದಿ ತಿಳಿದು ಆಶಾ ಕಾರ್ಯಕರ್ತೆ ನಾಗರತ್ನ ಬಂದಳು.

“ಮಾರಣ್ಣ, ಆ ಲೋಹಕ್ಕ ಕೋಬಾಲ್ಟ್ ಅರವತ್ತು ಅಂತಾರ. ಅದರ ಕಿರಣ ಕಣ್ಣಿಗೆ ಕಾಣಂಗಿಲ್ಲ, ವಾಸನಿ ಇಲ್ಲ. ಸುಮ್ಮನ ಹತ್ರ ಹೋದ್ರ ಅಪಾಯ, ಖರೆ. ಅದಕ್ಕ ದಪ್ಪ ಸೀಸದೊಳಗ ಮುಚ್ಚಿಟ್ಟಿರ್ತಾರ. ಲೆಕ್ಕ ಹಾಕಿ ಕಿರಣಾನ ಕ್ಯಾನ್ಸರ್ ಗಡ್ಡಿಗಷ್ಟೇ ಬಿಡ್ತಾರ. ಮಷೀನು ಬಂದ್ ಆತಂದ್ರ ಕಿರಣಾನೂ ಮುಗೀತು. ಬಿಸಲಾಗ ನಿಂತು ಒಳಗ ಬಂದೋರ ಮೈಯಾಗ ಬಿಸಲು ಉಳೀತೈತೇನ್ರಿ?”

“ಮತ್ತ ಚರ್ಮ ಕರ್ರಗಾಗೈತಲ್ಲ?”

“ಒಬ್ಬೊಬ್ರಿಗೆ ಹಂಗ ಆಕ್ಕೈತಿ. ಡಾಕ್ಟರಿಗೆ ತೋರಿಸ್ರಿ. ಆದ್ರ ನಡುವ ಬಿಡಬ್ಯಾಡ್ರಿ, ಉಳಿದ ಗಡ್ಡಿ ಮತ್ತ ಬೆಳೀತೈತಿ.”

“ನಮ್ಮ ಮನಿ ವಿಚಾರ ನಮಗ ಬಿಡವ್ವ” ಎಂದುಬಿಟ್ಟ ಮಾರಣ್ಣ.

ಸೋಮವಾರ ಆಸ್ಪತ್ರೆಗೆ ಹೋಗುವ ಬಸ್ಸು ಬಂತು. ಕರಿಯಕ್ಕ ಹತ್ತಲಿಲ್ಲ. “ಕೂಸಿನ್ನ ಮುಟ್ಟಂಗಿಲ್ಲ ಅಂದ್ರ ಬದುಕಿ ಏನು ಮಾಡ್ಲಿ?” ಎಂದಳು.

ಆರು ತಿಂಗಳಲ್ಲಿ ರೋಗ ಹರಡಿತ್ತು. ಕೊನೆಕೊನೆಗೆ ಮಾರಣ್ಣನೇ ಮಗುವನ್ನು ತಂದು ಅವಳ ಮಗ್ಗುಲಿಗೆ ಕೂರಿಸಿದ. ಎತ್ತಿಕೊಳ್ಳಲು ಕರಿಯಕ್ಕನ ಕೈಯಲ್ಲಿ ಬಲವಿರಲಿಲ್ಲ.

ಅವಳು ತೀರಿಕೊಂಡ ಮೇಲೆ, ಈ ವರ್ಷ ಕೂಡ್ಲಿಗಿಯಲ್ಲಿರುವ ಮಾರಣ್ಣನ ತಂಗಿ ಶಿವಮ್ಮನಿಗೆ ಸ್ತನ ಕ್ಯಾನ್ಸರ್ ಆಯಿತು. ಆಪರೇಷನ್ ಆದ ಮೇಲೆ ಕರೆಂಟು ಬೇಕೆಂದರು. ಅವಳ ಗಂಡ ಪಾಲಾಕ್ಷ ಹಿಂಜರಿದ. “ಬ್ಯಾಡ ಭಾವ, ಮನ್ಯಾಗ ಮಕ್ಕಳದಾವ.”

ಮಾರಣ್ಣ ಅವನ ಕೈ ಹಿಡಿದುಕೊಂಡ. “ಲೇ ಪಾಲಾಕ್ಷ, ನಾನೂ ಹಿಂಗ ಅಂದಿದ್ದೆ. ನಾಗರತ್ನವ್ವ ಬಾಗಿಲಿಗೆ ಬಂದು ಹೇಳಿದ್ಲು, ಕೇಳಲಿಲ್ಲ. ಕರಿಯಕ್ಕನ್ನ ರೋಗಕ್ಕಿಂತ ಮೊದ್ಲು ನನ್ನ ಮಾತು ಕೊಂದುಹಾಕ್ತು. ನಡಿ, ನಾನೂ ಬರ್ತೀನಿ.”

ಶಿವಮ್ಮ ಒಂದು ದಿನವೂ ತಪ್ಪಿಸದೆ ಚಿಕಿತ್ಸೆ ಮುಗಿಸಿದಳು. ಈಗ ಹೊಲದ ಕೆಲಸಕ್ಕೂ ಹೋಗುತ್ತಾಳೆ, ತಪಾಸಣೆಗೂ ಹೋಗಿಬರುತ್ತಾಳೆ. “ನಿನ್ನಿಂದ ಉಳಿದ್ಲು” ಎಂದು ಯಾರಾದರೂ ಹೊಗಳಿದರೆ ಮಾರಣ್ಣ ತಲೆ ತಗ್ಗಿಸುತ್ತಾನೆ.

ಬಂಧುಗಳೇ, ಹೊರಗಿನ ಯಂತ್ರದಿಂದ ಕೊಡುವ ಕಿರಣ ಮೈಯಲ್ಲಿ ಉಳಿಯುವುದಿಲ್ಲ, ಯಾರಿಗೂ ಅಂಟುವುದಿಲ್ಲ. ಬೇರೆ ಬಗೆಯ ಚಿಕಿತ್ಸೆಯಾದರೆ ಮುನ್ನೆಚ್ಚರಿಕೆ ಏನೆಂದು ವೈದ್ಯರನ್ನೇ ಕೇಳಿ. ಅನುಮಾನವಿದ್ದರೆ ನಾಲ್ಕು ಸಲ ಕೇಳಿ. ಚಿಕಿತ್ಸೆಯನ್ನು ಮಾತ್ರ ನಡುವೆ ನಿಲ್ಲಿಸಬೇಡಿ. ನಿಮ್ಮವರನ್ನು ಮುಟ್ಟದೆ ದೂರ ಕೂರಿಸಬೇಡಿ, ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯಿರಿ.